‘ನಮ್ಮಂಥೋರಿಗೆ ಇದೆಲ್ಲ ಆಗಂಗಿಲ್ಲ’ ಅನಿಸಿದಾಗ

ಪ್ರಶ್ನೆ: ಸಿಂಧನೂರಿನಲ್ಲಿ ಬಿ.ಎಸ್ಸಿ ಮುಗಿಸಿದ್ದೇನೆ, ಓದಿದ್ದು ಕನ್ನಡ ಮೀಡಿಯಂ. ಯಾವ ಕೆಲಸದ ಜಾಹೀರಾತು ನೋಡಿದರೂ ‘ನಮ್ಮಂಥೋರಿಗೆ ಇದೆಲ್ಲ ಆಗಂಗಿಲ್ಲ’ ಅನಿಸಿ ಅರ್ಜಿಯನ್ನೇ ಹಾಕುವುದಿಲ್ಲ. ಇದು ನಿಜವೋ, ಬರೀ ಭಯವೋ?

ಉತ್ತರ: ಎರಡೂ ಸ್ವಲ್ಪ ಸ್ವಲ್ಪ ಇರುತ್ತವೆ, ಬಿಡಿಸಿ ನೋಡಬೇಕು. ತಲೆಗೆ ಬಂದ ಮಾತನ್ನು ಬಂದ ಹಾಗೇ ನೋಟ್‌ಬುಕ್ಕಿನಲ್ಲಿ ಬರೆಯಿರಿ. ಯಾವ ಕೆಲಸ, ಯಾಕೆ ಆಗಲ್ಲ ಅನ್ನೋದನ್ನೂ ಸೇರಿಸಿ.

‘ಇಂಗ್ಲಿಷ್ ಬರಲ್ಲ, ಅದಕ್ಕೇ ತೋರಣಗಲ್ಲಿನ ಸ್ಟೀಲ್ ಕಾರ್ಖಾನೆಯ ಲ್ಯಾಬ್‌ನಲ್ಲಿ ನನಗೆ ಕೆಲಸ ಸಿಗಲ್ಲ’ ಅಂತ ಬರೆದಿರಿ ಅಂದುಕೊಳ್ಳಿ. ಈಗ ಇದನ್ನು ಪರೀಕ್ಷಿಸಬಹುದು. ಅಂಥ ಕೆಲಸದಲ್ಲಿರುವ ಸೀನಿಯರ್ ಒಬ್ಬರನ್ನು ಹುಡುಕಿ ಫೋನ್ ಮಾಡಿ. ಇಂಟರ್‌ವ್ಯೂ ಯಾವ ಭಾಷೆಯಲ್ಲಿತ್ತು? ದಿನಾ ಇಂಗ್ಲಿಷ್ ಎಲ್ಲಿ ಬೇಕಾಗುತ್ತೆ, ರಿಪೋರ್ಟ್ ತುಂಬೋದಕ್ಕಾ, ಮಾತಾಡೋದಕ್ಕಾ? ‘ರಿಪೋರ್ಟಿಗೆ ಅಷ್ಟೇ’ ಅಂದರೆ ಅರ್ಧ ಭಯ ಇಳಿಯಿತು. ‘ಚೆನ್ನಾಗಿ ಮಾತಾಡಬೇಕು’ ಅಂದರೂ ನಷ್ಟವಿಲ್ಲ, ಕಲಿಯಬೇಕಾದ್ದು ಏನಂತ ಗೊತ್ತಾಯಿತಲ್ವಾ.

‘ಸರ್ಕಾರಿ ಕೆಲಸವೆಲ್ಲ ಬೆಂಗಳೂರು ಕಡೆಯವರಿಗೇ’ ಅನ್ನೋದು ನಮ್ಮ ಕಡೆ ಕಟ್ಟೆ ಮೇಲೆ ಕೇಳುವ ಮಾತು. ಸಂವಿಧಾನದ 371(ಜೆ) ವಿಧಿಯಡಿ 2013ರಲ್ಲಿ ಹೊರಟ ಆದೇಶದಂತೆ, ಕಲ್ಯಾಣ ಕರ್ನಾಟಕದ ಸ್ಥಳೀಯ ವೃಂದದ (ಅಂದರೆ ಈ ಭಾಗದ ಕಚೇರಿಗಳ) ಗ್ರೂಪ್ ಸಿ ಹುದ್ದೆಗಳಲ್ಲಿ ಶೇ 80 ಇಲ್ಲಿನವರಿಗೇ ಮೀಸಲು. ಪೈಪೋಟಿ ಜಾಸ್ತಿ, ನೇಮಕಾತಿ ತಡ, ಅದೆಲ್ಲ ನಿಜ. ಆದರೆ ನಮಗೆ ಸಿಗೋದೇ ಇಲ್ಲ ಅನ್ನೋದು ಸುಳ್ಳು. ಈ ಭಾಗದವರು ಅಂತ ತೋರಿಸುವ 371(ಜೆ) ಸರ್ಟಿಫಿಕೇಟ್ ಮಾತ್ರ ಮೊದಲೇ ಮಾಡಿಸಿಟ್ಟುಕೊಳ್ಳಿ.

ಇಂಥ ಯೋಚನೆಗಳನ್ನು ಅಳೆಯಲೆಂದೇ ಅಮೆರಿಕದ ಫ್ಲೋರಿಡಾ ಸ್ಟೇಟ್ ಯೂನಿವರ್ಸಿಟಿಯವರು 1996ರಲ್ಲಿ 48 ಹೇಳಿಕೆಗಳ ‘ಕರಿಯರ್ ಥಾಟ್ಸ್ ಇನ್ವೆಂಟರಿ’ ತಂದರು. ಅದು ಮೂರು ತೊಡಕು ಹುಡುಕುತ್ತದೆ: ನಿರ್ಧಾರ ಮಾಡುವಾಗಿನ ಗೊಂದಲ, ಒಂದನ್ನು ಗಟ್ಟಿಯಾಗಿ ಹಿಡಿಯುವ ಭಯ, ತನ್ನ ಮನಸ್ಸಿಗೂ ಬೇರೆಯವರ ಮಾತಿಗೂ ನಡೆಯುವ ತಿಕ್ಕಾಟ. ನಮ್ಮಲ್ಲಿ ಮೂರನೆಯದೇ ಜಾಸ್ತಿ ಅಂತ ನನ್ನ ಅಂದಾಜು. ಬರೆದ ಪ್ರತಿ ಸಾಲಿನ ಪಕ್ಕ ಇದು ಯಾರ ಮಾತು ಅಂತ ಗುರುತು ಹಾಕಿ. ‘ನೌಕ್ರಿ ಅಂದ್ರ ಸರ್ಕಾರಿದೇ’ ಅನ್ನೋದು ನಿಮ್ಮದಾ, ಅಪ್ಪನದಾ? ಜಗಳ ಬೇಡ, ಗೊತ್ತಿದ್ದರೆ ಸಾಕು.

ಸುಮ್ನೆ ‘ನನ್ನಿಂದ ಎಲ್ಲ ಸಾಧ್ಯ’ ಅಂತ ಹೇಳಿಕೊಳ್ಳುವುದರಲ್ಲಿ ನನಗೆ ನಂಬಿಕೆಯಿಲ್ಲ. ಮನೆಯಲ್ಲಿ ದುಡ್ಡಿಲ್ಲ ಅನ್ನೋದು ಯೋಚನೆಯ ತಪ್ಪಲ್ಲ. ಅದಕ್ಕೆ ಸ್ಕಾಲರ್‌ಶಿಪ್ಪೋ, ಸ್ಟೈಪೆಂಡ್ ಕೊಡುವ ಅಪ್ರೆಂಟಿಸ್ ಕೆಲಸವೋ ಹುಡುಕಬೇಕು. ಹಳೆ ಸಾಲು ಹೊಡೆದುಹಾಕಿ, ನೀವೇ ನಂಬುವಷ್ಟನ್ನು ಬರೆಯಿರಿ: ‘ಇಂಗ್ಲಿಷ್ ಓದಿದರೆ ಅರ್ಥವಾಗುತ್ತೆ, ಮಾತು ಕಲಿಯಬೇಕು.’ ಈ ವಾರವೇ ಒಂದು ಅರ್ಜಿ ಹಾಕಿ.

ಊಟ, ನಿದ್ದೆಯೇ ಬೇಡವಾಗುವಷ್ಟು ಬೇಸರವಿದ್ದರೆ ನೋಟ್‌ಬುಕ್ ಸಾಲದು. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಉಚಿತ, ಕನ್ನಡದಲ್ಲೇ ಮಾತಾಡಬಹುದು.