ಅಂಗಡಿಯಲ್ಲಿ ಸರಿ, ಮನೆಯಲ್ಲಿ ಸ್ಲೋ: ಹಳೇ ಕಂಪ್ಯೂಟರಿನ ತೊಂದರೆ ಹಿಡಿಯುವುದು ಹೇಗೆ?

ಓದುಗರ ಪ್ರಶ್ನೆ: ನಮ್ಮದು ಕುಮಟಾ ಹತ್ತಿರದ ಹಳ್ಳಿ. ಮಗ ಬೆಂಗಳೂರಿಗೆ ಹೋಗುವಾಗ ಬಿಟ್ಟುಹೋದ ಡೆಸ್ಕ್‌ಟಾಪ್ ಇದೆ, ಹತ್ತು ವರ್ಷ ಹಳೆಯದು. ಪಹಣಿ ತೆಗೆಯಲು, ತೋಟದ ಲೆಕ್ಕ ಬರೆಯಲು, ಮೊಮ್ಮಗಳ ಜೊತೆ ವಿಡಿಯೋ ಕಾಲ್ ಮಾಡಲು ಬಳಸುತ್ತೇವೆ. ಕೆಲವು ದಿನ ಚೆನ್ನಾಗಿ ಓಡುತ್ತದೆ. ಕೆಲವು ದಿನ ಒಂದು ಫೈಲ್ ತೆರೆಯಲಿಕ್ಕೂ ಐದು ನಿಮಿಷ ಬೇಕು. ಅಂಗಡಿಗೆ ಒಯ್ದರೆ ಅಲ್ಲಿ ಏನೂ ತೊಂದರೆ ಕಾಣುವುದಿಲ್ಲ. 'ಫಾರ್ಮ್ಯಾಟ್ ಹೊಡೆಸಿ' ಅಂತಾರೆ, ಇಲ್ಲಾ 'ಹೊಸದು ತಗೊಳ್ಳಿ' ಅಂತಾರೆ. ಏನು ಮಾಡೋದು?

ಸದ್ಯಕ್ಕೆ ಎರಡೂ ಬೇಡ. ಬರೀ ವಯಸ್ಸಾಗಿದ್ದಕ್ಕೆ ಸ್ಲೋ ಆಗಿದ್ದರೆ ಅದು ದಿನಾ ಸ್ಲೋ ಇರಬೇಕಿತ್ತು, ಅಲ್ವಾ? ಸೋಮವಾರ ಓಡಿ ಗುರುವಾರ ಕುಂಟುತ್ತದೆ ಎಂದರೆ ನಡುವೆ ಏನೋ ಬದಲಾಗಿದೆ. 'ಯಾಕೆ ಸ್ಲೋ' ಎಂದು ತಲೆ ಕೆಡಿಸಿಕೊಳ್ಳುವ ಮೊದಲು 'ಯಾವಾಗ ಸ್ಲೋ' ಎಂದು ನೋಡಿ. ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಅಂಗಡಿಯವರು ಸುಳ್ಳು ಹೇಳುತ್ತಿಲ್ಲ. ಮನೆಯಲ್ಲಿ ನಿಮ್ಮ ಕ್ಯಾಬಿನೆಟ್ಟು ಮೇಜಿನ ಕೆಳಗೆ ಗೋಡೆಗೆ ಒತ್ತಿಕೊಂಡು ಇರುತ್ತದೆ. ಅಂಗಡಿಯಲ್ಲಿ ಅದನ್ನು ಟೇಬಲ್ ಮೇಲಿಟ್ಟು, ಪಕ್ಕದ ತಗಡು ಬಿಚ್ಚಿ, ಫ್ಯಾನಿನ ಕೆಳಗೆ ಹಚ್ಚುತ್ತಾರೆ. ದಾರಿಯಲ್ಲಿ ಬರುವಷ್ಟರಲ್ಲಿ ಅದು ಪೂರ್ತಿ ತಣ್ಣಗಾಗಿರುತ್ತದೆ. ನೆಟ್ ಕೊಟ್ಟಿರುವುದಿಲ್ಲ, ಹಾಗಾಗಿ ಅಪ್‌ಡೇಟ್ ಇಳಿಯುವುದೂ ಇಲ್ಲ. ಹತ್ತು ನಿಮಿಷ ನೋಡಿ 'ಏನೂ ಆಗಿಲ್ಲ' ಅನ್ನುತ್ತಾರೆ. ಇನ್ನೊಂದು ತಮಾಷೆಯೂ ಇದೆ. ನಮ್ಮ ರಸ್ತೆಯ ಹೊಂಡದಲ್ಲಿ ರಿಕ್ಷಾ ಕುಲುಕಿದಾಗ ಸಡಿಲವಾಗಿದ್ದ ಕೇಬಲ್ಲು ತಾನಾಗಿಯೇ ಸರಿಯಾಗಿ ಕೂತುಬಿಡುವುದುಂಟು. ಮನೆಗೆ ತಂದ ಮೇಲೆ ಒಂದು ವಾರ ಆರಾಮ, ಆಮೇಲೆ ಮತ್ತೆ ಅದೇ ಕತೆ.

ಆದ್ದರಿಂದ ಪತ್ತೆ ಕೆಲಸ ಮನೆಯಲ್ಲೇ ಆಗಬೇಕು. ಒಂದು ಹಳೇ ನೋಟ್‌ಬುಕ್ ಪಕ್ಕದಲ್ಲಿಟ್ಟುಕೊಳ್ಳಿ. ಸ್ಲೋ ಆದಾಗಲೆಲ್ಲ ಒಂದೆರಡು ಸಾಲು ಗೀಚಿ: ಗಂಟೆ ಎಷ್ಟು, ಹಚ್ಚಿ ಎಷ್ಟು ಹೊತ್ತಾಗಿತ್ತು, ಏನೇನು ತೆರೆದಿತ್ತು, ಕರೆಂಟು ಹೋಗಿ ಬಂದಿತ್ತಾ, ಅದಕ್ಕೆ ಮುಂಚೆ ಕಂಪ್ಯೂಟರ್ ಹಚ್ಚಿದ್ದು ಯಾವತ್ತು.

ಮೊದಲು ನೆಟ್ಟಿನ ಗೊಂದಲ ಬಿಡಿಸಿಕೊಳ್ಳಿ. ಪಹಣಿ ಪುಟ ತೆರೆಯಲಿಲ್ಲ, ವಿಡಿಯೋ ಕಾಲ್ ನಿಂತುಹೋಯಿತು ಎಂದರೆ ತಪ್ಪು ಕಂಪ್ಯೂಟರಿನದ್ದೇ ಆಗಬೇಕಿಲ್ಲ. ಆ ಹೊತ್ತಿಗೆ ನೆಟ್ ಬೇಡದ ಕೆಲಸ ಮಾಡಿ ನೋಡಿ. ನೋಟ್‌ಪ್ಯಾಡ್ ತೆರೆಯಿರಿ, ಫೋಟೋ ಫೋಲ್ಡರ್ ತೆರೆಯಿರಿ. ಅವು ಸಲೀಸಾಗಿ ತೆರೆದರೆ ಕಂಪ್ಯೂಟರ್ ಚೆನ್ನಾಗಿಯೇ ಇದೆ. ದಪ್ಪ ಚಿರೆಕಲ್ಲಿನ ಗೋಡೆ ಎರಡು ದಾಟುವಷ್ಟರಲ್ಲಿ ವೈಫೈ ಸೊರಗಿಹೋಗುತ್ತದೆ. ರೌಟರಿನಿಂದ ನೇರ ಕೇಬಲ್ ಎಳೆದರೆ ಮುಗಿಯಿತು.

ನೋಟ್‌ಪ್ಯಾಡೇ ತೆರೆಯಲಿಲ್ಲ ಅಂದರೆ, ಯಾವ ಪ್ರೋಗ್ರಾಂ ಕಂಪ್ಯೂಟರನ್ನು ಎಷ್ಟು ದುಡಿಸುತ್ತಿದೆ ಎಂದು ತೋರಿಸುವ ಟಾಸ್ಕ್ ಮ್ಯಾನೇಜರ್ ನೋಡಬೇಕು. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಕೀಲಿ ಒಟ್ಟಿಗೆ ಒತ್ತಿದರೆ ಬರುತ್ತದೆ. ಕಂಪ್ಯೂಟರ್ ಸಿಕ್ಕಿಹಾಕಿಕೊಂಡ ಮೇಲೆ ತೆರೆಯಲು ಹೋದರೆ ಅದೂ ಬರುವುದಿಲ್ಲ. ಹಾಗಾಗಿ ಹಚ್ಚಿದ ಕೂಡಲೇ ತೆರೆದು ಕೆಳಗಿಳಿಸಿ ಇಟ್ಟುಬಿಡಿ. ಒದ್ದಾಟ ಶುರುವಾದಾಗ ಮೇಲೆ ತಂದು ಸಿಪಿಯು (ಪ್ರೊಸೆಸರ್), ಮೆಮೊರಿ (ರ‍್ಯಾಮ್), ಡಿಸ್ಕ್ (ಫೈಲುಗಳನ್ನು ಉಳಿಸಿಡುವ ಭಾಗ) ಈ ಮೂರು ಕಾಲಂ ನೋಡಿ. ಯಾವುದು ಶೇಕಡಾ 90–100 ಮುಟ್ಟಿ ಅಲ್ಲೇ ನಿಂತಿದೆ? ಮೊಬೈಲಿನಲ್ಲಿ ಅದರ ಫೋಟೋ ಹೊಡೆದಿಟ್ಟುಕೊಳ್ಳಿ.

ನಿಮ್ಮ ಪತ್ರ ನೋಡಿದರೆ ನನ್ನ ಅನುಮಾನ ಡಿಸ್ಕ್ ಮೇಲೆ. ಹತ್ತು ವರ್ಷದ ಹಿಂದಿನ ಡೆಸ್ಕ್‌ಟಾಪ್ ಎಂದರೆ ಒಳಗೆ ತಿರುಗುವ ಹಾರ್ಡ್ ಡಿಸ್ಕ್ ಇರುವುದೇ ಜಾಸ್ತಿ. ಸಾಮಾನ್ಯವಾಗಿ ಅದು ನಿಮಿಷಕ್ಕೆ 7200 ಸುತ್ತು ತಿರುಗುತ್ತದೆ. ಒಂದು ಸುತ್ತಿಗೆ ಸುಮಾರು 8.3 ಮಿಲಿಸೆಕೆಂಡು. ಓದುವ ತಲೆ ಅತ್ತಿತ್ತ ಸರಿಯುವ ಹೊತ್ತನ್ನೂ ಸೇರಿಸಿದರೆ, ಬೇರೆ ಬೇರೆ ಜಾಗದಲ್ಲಿರುವ ಚಿಕ್ಕ ಫೈಲುಗಳನ್ನು ಸೆಕೆಂಡಿಗೆ ನೂರರ ಆಸುಪಾಸು ಸಲವಷ್ಟೇ ಓದಬಲ್ಲದು. ಅದು ಆರೋಗ್ಯವಾಗಿದ್ದಾಗಿನ ಮಾತು. ಒಂದು ಜಾಗ ಸವೆದು ಓದಲಾಗದ ಸ್ಥಿತಿಗೆ ಬಂದರೆ ಡಿಸ್ಕ್ ಸುಮ್ನೆ ಬಿಡುವುದಿಲ್ಲ. ಮತ್ತೆ ಮತ್ತೆ ಪ್ರಯತ್ನ ಮಾಡುತ್ತದೆ. ಅಷ್ಟು ಹೊತ್ತು ವಿಂಡೋಸ್ ಕಾಯುತ್ತಾ ಕೂರುತ್ತದೆ. ಮೌಸ್ ಅಲ್ಲಾಡುತ್ತದೆ, ಬೇರೇನೂ ಆಗುವುದಿಲ್ಲ. ಕ್ಯಾಬಿನೆಟ್ಟಿನ ಕೆಂಪು ದೀಪ ಮಿಣುಕುವುದು ಬಿಟ್ಟು ಒಂದೇ ಸಮ ಉರಿಯುತ್ತದೆ. ಆ ಜಾಗದಲ್ಲಿರುವ ಫೈಲ್ ಮುಟ್ಟಿದ ದಿನ ತೊಂದರೆ, ಮುಟ್ಟದ ದಿನ ಆರಾಮ. 'ಕೆಲವು ದಿನ ಮಾತ್ರ' ಎನ್ನುವುದರ ಗುಟ್ಟು ಎಷ್ಟೋ ಸಲ ಇದೇ.

ಖಚಿತ ಮಾಡಿಕೊಳ್ಳುವುದು ಕಷ್ಟವಲ್ಲ. ಟಾಸ್ಕ್ ಮ್ಯಾನೇಜರಿನ ಪರ್ಫಾರ್ಮೆನ್ಸ್ ಪುಟದಲ್ಲಿ ಡಿಸ್ಕ್ ಒತ್ತಿದರೆ 'ಆವರೇಜ್ ರೆಸ್ಪಾನ್ಸ್ ಟೈಮ್', ಅಂದರೆ ಡಿಸ್ಕ್ ಉತ್ತರ ಕೊಡಲು ಹಿಡಿಯುವ ಸರಾಸರಿ ಹೊತ್ತು ಕಾಣುತ್ತದೆ. ಹತ್ತಿಪ್ಪತ್ತು ಮಿಲಿಸೆಕೆಂಡು ಇದ್ದರೆ ಸರಿ. ಡಿಸ್ಕ್ 100ರಲ್ಲಿ ನಿಂತು, ಓದುವ ವೇಗ ಮಾತ್ರ ಸೆಕೆಂಡಿಗೆ ಒಂದೆರಡು ಎಂಬಿ ಇದ್ದು, ರೆಸ್ಪಾನ್ಸ್ ಟೈಮ್ ಸಾವಿರ ಮಿಲಿಸೆಕೆಂಡು ದಾಟಿದರೆ ಡಿಸ್ಕಿಗೆ ಉಬ್ಬಸ ಹತ್ತಿದೆ ಅಂತಲೇ ಲೆಕ್ಕ. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ಪ್ರೋಗ್ರಾಂ ಹಾಕಿ ನೋಡಿ. ನೀಲಿ 'ಗುಡ್' ಬದಲು ಹಳದಿ 'ಕಾಷನ್' ಬಂದರೆ 05, ಸಿ5, ಸಿ6 ಸಾಲುಗಳ ಕೊನೆಯ ಅಂಕಿ ನೋಡಿ. ಸೊನ್ನೆ ಇರಬೇಕು. ಸಿ5 ಎಂದರೆ ಓದಲಾಗದೆ ಬಾಕಿ ಉಳಿದಿರುವ ಜಾಗಗಳು. ಕೇಬಲ್ಲಿನಲ್ಲಿ ಮಾಹಿತಿ ಸಾಗುವಾಗ ಆದ ತಪ್ಪುಗಳನ್ನು ಎಣಿಸುವ ಸಿ7 ಏರುತ್ತಾ ಹೋದರೆ ಮೊದಲು ಡಿಸ್ಕಿನ ಕೇಬಲ್ ಬದಲಿಸಿ ನೋಡಿ, ಅದು ಅಗ್ಗದ ಬಾಬತ್ತು. ವಿಂಡೋಸ್ ತನ್ನ ಆಗುಹೋಗು ಬರೆದಿಡುವ ಇವೆಂಟ್ ವ್ಯೂವರಿನಲ್ಲಿ ಸಿಸ್ಟಮ್ ಲಾಗ್ ತೆರೆದು 'ಡಿಸ್ಕ್' ಹೆಸರಿನ ಮುಂದೆ 7 ಅಥವಾ 153 ಸಂಖ್ಯೆ ಇದೆಯಾ ಎಂದೂ ಹುಡುಕಿ. 7 ಎಂದರೆ ಕೆಟ್ಟ ಜಾಗ ಸಿಕ್ಕಿದೆ, 153 ಎಂದರೆ ಒಂದು ಕೆಲಸವನ್ನು ಮತ್ತೆ ಮಾಡಬೇಕಾಯಿತು. ಪಕ್ಕದಲ್ಲೇ ದಿನಾಂಕ, ಗಂಟೆ ಇರುತ್ತವೆ. ನಿಮ್ಮ ನೋಟ್‌ಬುಕ್ಕಿನ ಜೊತೆ ತಾಳೆ ಹಾಕಿ.

ಹಳದಿ ಕಂಡರೆ ಮೊದಲು ಫೋಟೋ, ಕಾಗದಪತ್ರ ಎಲ್ಲಾ ಬೇರೆ ಕಡೆ ಕಾಪಿ ಮಾಡಿ. ಅದಾಗುವವರೆಗೆ ಚದುರಿದ ಫೈಲುಗಳನ್ನು ಜೋಡಿಸುವ ಡಿಫ್ರಾಗ್ ಬೇಡ, ಡಿಸ್ಕಿನ ತಪ್ಪು ಹುಡುಕಿ ತಿದ್ದುವ ಚೆಕ್‌ಡಿಸ್ಕ್ ಬೇಡ, ಎಲ್ಲಾ ಅಳಿಸಿಹಾಕುವ ಫಾರ್ಮ್ಯಾಟಂತೂ ಬೇಡವೇ ಬೇಡ. ಇವೆಲ್ಲ ಸಾಯುತ್ತಿರುವ ಡಿಸ್ಕನ್ನು ಇನ್ನಷ್ಟು ದುಡಿಸುತ್ತವೆ. ಫಾರ್ಮ್ಯಾಟ್ ಹೊಡೆಸಿದರೆ ಒಂದೆರಡು ತಿಂಗಳು ಸರಿಯಾದ ಹಾಗೆ ಕಾಣುತ್ತದೆ, ಯಾಕೆಂದರೆ ಫೈಲುಗಳು ಬೇರೆ ಜಾಗಕ್ಕೆ ಹೋಗಿ ಕೂತಿರುತ್ತವೆ. ಕೆಟ್ಟ ಜಾಗ ಹಾಗೇ ಇರುತ್ತದೆ.

ಡಿಸ್ಕ್ ಗಟ್ಟಿಯಾಗಿದ್ದೂ ಸ್ಲೋ ಇದ್ದರೆ? ಆಗ ನೋಟ್‌ಬುಕ್ಕಿನ ಕೊನೆಯ ಪ್ರಶ್ನೆಗೆ ಬನ್ನಿ. ಹದಿನೈದು ದಿನಕ್ಕೊಮ್ಮೆ ಹಚ್ಚುವ ಕಂಪ್ಯೂಟರಿಗೆ ಹದಿನೈದು ದಿನದ ಕೆಲಸ ಬಾಕಿ ಇರುತ್ತದೆ. ವಿಂಡೋಸ್, ಆಂಟಿವೈರಸ್, ಬ್ರೌಸರ್ ಎಲ್ಲವೂ ಅಪ್‌ಡೇಟ್ ಕೇಳುತ್ತವೆ, ಜೊತೆಗೆ ಸ್ಕ್ಯಾನ್ ಬೇರೆ. ಬಳಕೆ ಕಡಿಮೆಯಾದಷ್ಟೂ ಸ್ಲೋ ಜಾಸ್ತಿ ಅನ್ನಿಸುವುದು ಇದಕ್ಕೇ. ಟಾಸ್ಕ್ ಮ್ಯಾನೇಜರಿನಲ್ಲಿ 'ಆಂಟಿಮಾಲ್‌ವೇರ್ ಸರ್ವಿಸ್ ಎಕ್ಸಿಕ್ಯೂಟಬಲ್' ಅಥವಾ 'ವಿಂಡೋಸ್ ಮಾಡ್ಯೂಲ್ಸ್ ಇನ್‌ಸ್ಟಾಲರ್' ಪಟ್ಟಿಯ ತುದಿಯಲ್ಲಿ ಕೂತಿದ್ದರೆ ಅದು ರೋಗವಲ್ಲ, ಬಾಕಿ ಕೆಲಸ. ಮೊಮ್ಮಗಳ ಕಾಲ್ ಸಂಜೆ ಏಳಕ್ಕಿದ್ದರೆ ಮಧ್ಯಾಹ್ನವೇ ಹಚ್ಚಿ ಬಿಟ್ಟು ತೋಟಕ್ಕೆ ಹೋಗಿ ಬನ್ನಿ. ಎರಡೆರಡು ಆಂಟಿವೈರಸ್ ಇದ್ದರೆ ಒಂದನ್ನು ತೆಗೆಯಿರಿ. ಅಪ್‌ಡೇಟ್ ನಡುವೆ ಕರೆಂಟು ಹೋದರೆ ಅದು ಹಿಂದೆ ಸರಿದು ಮತ್ತೆ ಮೊದಲಿನಿಂದ ಶುರುವಾಗಬಹುದು. ಮಳೆಗಾಲದಲ್ಲಿ ಇದು ಮುಗಿಯುವುದೇ ಇಲ್ಲ. ಚಿಕ್ಕ ಯುಪಿಎಸ್ ಇದ್ದರೆ ಒಳ್ಳೆಯದು.

ಅರ್ಧ ಗಂಟೆ ಚೆನ್ನಾಗಿ ಓಡಿ ಆಮೇಲೆ ಮಂದವಾಗುತ್ತದೆ, ಏಪ್ರಿಲ್-ಮೇ ಸೆಕೆಯಲ್ಲಿ ಜಾಸ್ತಿ ಎಂದಾದರೆ ಅದು ಬಿಸಿಯ ತೊಂದರೆ. ಪ್ರೊಸೆಸರ್ ಕಾದಾಗ ಸುಟ್ಟುಹೋಗದಂತೆ ತಾನೇ ವೇಗ ತಗ್ಗಿಸಿಕೊಳ್ಳುತ್ತದೆ. ಪರ್ಫಾರ್ಮೆನ್ಸ್ ಪುಟದಲ್ಲಿ ಸಿಪಿಯು ನೋಡಿ. ಭಾರೀ ಕೆಲಸ ನಡೆಯುತ್ತಿರುವಾಗಲೂ ವೇಗ ಮಾತ್ರ ಅಲ್ಲೇ ಬರೆದಿರುವ 'ಬೇಸ್ ಸ್ಪೀಡ್'ಗಿಂತ (ಮೂಲ ವೇಗಕ್ಕಿಂತ) ತುಂಬಾ ಕೆಳಗಿದ್ದರೆ ಇದೇ ಕಾರಣ. ಸುಮ್ನೆ ಕೂತಿರುವಾಗ ವೇಗ ಇಳಿಯುವುದು ಸಹಜ, ಅದಕ್ಕೆ ಗಾಬರಿ ಬೇಡ.

ಪ್ಲಗ್ ಕಿತ್ತು, ಪಕ್ಕದ ತಗಡು ಬಿಚ್ಚಿ, ಪ್ರೊಸೆಸರಿನ ಫ್ಯಾನ್ ಕೆಳಗೆ ಟಾರ್ಚ್ ಬಿಡಿ. ಅಲ್ಯೂಮಿನಿಯಂ ರೆಕ್ಕೆಗಳ ಸಾಲು ಕಾಣಬೇಕು. ನಮ್ಮ ಕರಾವಳಿಯಲ್ಲಿ ಅದು ಕಾಣುವುದೇ ಕಮ್ಮಿ. ಗಾಳಿಯ ತೇವಕ್ಕೆ ಧೂಳು ಅಂಟಿ, ಪದರ ಪದರವಾಗಿ ಕೂತು, ಎಳೆದರೆ ಕಂಬಳಿ ತುಂಡಿನ ಹಾಗೆ ಇಡಿಯಾಗಿ ಎದ್ದುಬರುತ್ತದೆ. ಮೇಲೆ ಫ್ಯಾನ್ ಭರ್‍ರೆಂದು ತಿರುಗುತ್ತಿರುತ್ತದೆ, ಕೆಳಗೆ ಗಾಳಿ ಹೋಗುವುದೇ ಇಲ್ಲ. ಒಣ ಬ್ರಷ್ಷಿನಿಂದ ಮೆಲ್ಲಗೆ ತೆಗೆಯಿರಿ. ಗಾಳಿ ಊದುವುದಾದರೆ ಫ್ಯಾನಿನ ರೆಕ್ಕೆಯನ್ನು ಬೆರಳಲ್ಲಿ ಹಿಡಿದುಕೊಳ್ಳಿ. ಹೀಟ್‌ಸಿಂಕ್ (ಆ ಅಲ್ಯೂಮಿನಿಯಂ ತುಂಡು) ಬಿಚ್ಚಿದರೆ ಶಾಖ ದಾಟಿಸುವ ಹೊಸ ಥರ್ಮಲ್ ಪೇಸ್ಟ್ ಹಚ್ಚಲೇಬೇಕು. ಕರೆಂಟು ಬರುವ ಎಸ್‌ಎಂಪಿಎಸ್ ಡಬ್ಬಿಯನ್ನು ಮಾತ್ರ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಒಳಗೆ ಹೊಡೆಯುವಷ್ಟು ವಿದ್ಯುತ್ ಉಳಿದಿರುತ್ತದೆ. ಇರುವೆ ಗೂಡೋ ಹಲ್ಲಿಯೋ ಒಳಗೆ ಕಂಡರೆ ತಿಳಿದವರಿಗೇ ಕೊಡಿ.

ಬಿಚ್ಚಿದ್ದು ಹೇಗೂ ಬಿಚ್ಚಿದ್ದೀರಿ, ರ‍್ಯಾಮ್ ಪಟ್ಟಿಯನ್ನೂ ತೆಗೆದು ಅದರ ಬಂಗಾರ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಹಗುರಾಗಿ ಉಜ್ಜಿ, ಪುಡಿ ಒರೆಸಿ ಕೂರಿಸಿ. ಉಪ್ಪುಗಾಳಿಯ ಊರಿನಲ್ಲಿ ಈ ಅಂಚುಗಳು ಮಂಕಾಗುತ್ತವೆ. ಅದರಿಂದ ಸ್ಲೋ ಆಗುವುದಕ್ಕಿಂತ ಹ್ಯಾಂಗ್ ಆಗುವುದು, ಹಚ್ಚಿದಾಗ ಪರದೆ ಬರದೇ ಇರುವುದು ಜಾಸ್ತಿ. ಆಫ್ ಮಾಡಿದ ಮೇಲೆ ಪ್ಲಾಸ್ಟಿಕ್ ಹೊದಿಕೆ ಹಾಕುವ ಅಭ್ಯಾಸವಿದ್ದರೆ ಬಿಡಿ, ತೇವ ಒಳಗೇ ಉಳಿಯುತ್ತದೆ. ಹತ್ತಿ ಬಟ್ಟೆ ಸಾಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೆಲಸ ಇರಲಿ ಬಿಡಲಿ, ಆಗಾಗ ಅರ್ಧ ಗಂಟೆ ಹಚ್ಚಿಡಿ.

ವೋಲ್ಟೇಜ್ ಕಡಿಮೆ ಇದ್ದರೆ ಸ್ಲೋ ಆಗುತ್ತದೆ ಎಂದು ಬಹಳ ಜನ ನಂಬಿದ್ದಾರೆ. ಡೆಸ್ಕ್‌ಟಾಪಿನಲ್ಲಿ ಹಾಗಾಗುವುದಿಲ್ಲ. ವೋಲ್ಟೇಜ್ ತೀರಾ ಇಳಿದರೆ ಅದು ರಿಸ್ಟಾರ್ಟ್ ಆಗುತ್ತದೆ ಅಥವಾ ಆಫ್ ಆಗುತ್ತದೆ. ನಿಧಾನವಂತೂ ಆಗುವುದಿಲ್ಲ. ಲ್ಯಾಪ್‌ಟಾಪಿನ ಕತೆ ಬೇರೆ. ಚಾರ್ಜರ್ ಕಡಿಮೆ ಶಕ್ತಿಯದ್ದಾದರೆ ಅಥವಾ ಬ್ಯಾಟರಿ ಸತ್ತಿದ್ದರೆ ಕೆಲವು ಲ್ಯಾಪ್‌ಟಾಪ್‌ಗಳು ಬೇಕೆಂತಲೇ ವೇಗ ಇಳಿಸುತ್ತವೆ.

ಮೆಮೊರಿ ಕಾಲಂ ತುಂಬಿದ್ದರೆ ಹೆಚ್ಚು ಯೋಚನೆ ಬೇಡ. 4 ಜಿಬಿ ರ‍್ಯಾಮ್‌ನಲ್ಲಿ ಇವತ್ತಿನ ಬ್ರೌಸರ್ ಹತ್ತು ಟ್ಯಾಬ್ ತೆರೆದರೆ ಉಳಿದದ್ದೆಲ್ಲ ಡಿಸ್ಕಿಗೆ ಹೋಗುತ್ತದೆ. ಟ್ಯಾಬ್ ಮುಚ್ಚಿ, ಇಲ್ಲಾ 8 ಜಿಬಿ ಮಾಡಿಸಿ.

ಖರ್ಚು ಮಾಡುವುದೇ ಆದರೆ ನನ್ನ ಓಟು ಹಾರ್ಡ್ ಡಿಸ್ಕಿನ ಬದಲು ಹಾಕುವ ಎಸ್‌ಎಸ್‌ಡಿಗೆ. ಅದರಲ್ಲಿ ತಿರುಗುವ ಭಾಗವೇ ಇಲ್ಲ. ಹಳೇ ಕಂಪ್ಯೂಟರಿಗೆ 2.5 ಇಂಚಿನ, ಹಳೇ ಡಿಸ್ಕಿನ ಹಾಗೇ ಸಾಟಾ ಕೇಬಲ್ಲಿಗೆ ಕೂರುವ ಎಸ್‌ಎಸ್‌ಡಿ ಸಾಕು, ದುಬಾರಿ ಮಾದರಿ ಬೇಡ. ಒಂದು ವಿಷಯ ಮಾತ್ರ ನೆನಪಿರಲಿ. ವಿಂಡೋಸ್ 10ರ ಸಾಮಾನ್ಯ ಬೆಂಬಲ (ಸುರಕ್ಷತೆಯ ಅಪ್‌ಡೇಟ್ ಕೊಡುವುದು) 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ಅಧಿಕೃತವಾಗಿ ಇಂಟೆಲ್‌ನ ಎಂಟನೇ ಪೀಳಿಗೆಯ ಪ್ರೊಸೆಸರಿನಿಂದ ಈಚೆಗಿನದ್ದನ್ನೇ ಕೇಳುತ್ತದೆ, ನಿಮ್ಮದು ಅದಕ್ಕಿಂತ ಹಳೆಯದು. ಹಾಗಾಗಿ ಹೊಸ ಎಸ್‌ಎಸ್‌ಡಿಗೆ ವಿಂಡೋಸ್ ಬದಲು ಉಚಿತವಾಗಿ ಸಿಗುವ ಲಿನಕ್ಸ್ ಮಿಂಟ್ ಹಾಕಿಸುವುದನ್ನು ಯೋಚಿಸಿ. ಬ್ರೌಸರ್, ಲೆಕ್ಕದ ಹಾಳೆ, ಕನ್ನಡ ಟೈಪಿಂಗ್ ಎಲ್ಲಾ ಅದರಲ್ಲಿವೆ. ಪ್ರಿಂಟರ್ ಇದ್ದರೆ ಅದು ಓಡುತ್ತದಾ ಎಂದು ಮೊದಲೇ ನೋಡಿಸಿ.

ಅಂಗಡಿಗೆ ಹೋಗುವಾಗ 'ಸ್ಲೋ ಆಗಿದೆ' ಅನ್ನಬೇಡಿ. ಫೋಟೋ ತೋರಿಸಿ, 'ಸಿ5 ಸೊನ್ನೆ ಇಲ್ಲ, ಡಿಸ್ಕ್ ಬದಲಿಸಿ ಕೊಡಿ' ಅನ್ನಿ. ಹಳೇ ಡಿಸ್ಕನ್ನು ಮರೆಯದೆ ವಾಪಸ್ ತನ್ನಿ, ನಿಮ್ಮ ಬ್ಯಾಂಕ್ ಕಾಗದ, ಮನೆಯವರ ಫೋಟೋ ಎಲ್ಲಾ ಅದರೊಳಗೇ ಇರುತ್ತವೆ.