ರೆಫರೆನ್ಸ್ ರೇಂಜ್: ಅಂಕಿಯ ಪಕ್ಕದ ಅಂಕಿಗಳು ಹೇಳುವುದೇನು?

ರಕ್ತ ಪರೀಕ್ಷೆಯ ವರದಿಯಲ್ಲಿ ಫಲಿತಾಂಶದ ಪಕ್ಕದಲ್ಲೇ ‘3.5–5.1’ ಎಂಬಂಥ ಜೋಡಿ ಅಂಕಿಗಳಿರುತ್ತವೆ. ಅದೇ ರೆಫರೆನ್ಸ್ ರೇಂಜ್, ಅಂದರೆ ಹೋಲಿಸಿ ನೋಡಲು ಕೊಟ್ಟ ಮಿತಿ. ಬಳಕೆಯಲ್ಲಿ ಇದು ‘ನಾರ್ಮಲ್ ರೇಂಜ್’ ಆಗಿಬಿಟ್ಟಿದೆ. ‘ನಾರ್ಮಲ್’ ಎಂದೊಡನೆ ಅದರಾಚೆ ಇರುವುದೆಲ್ಲ ಕಾಯಿಲೆ ಎಂಬ ಅರ್ಥ ಬರುತ್ತದೆಂದೇ 1969ರಲ್ಲಿ ಫಿನ್‌ಲ್ಯಾಂಡಿನ ವಿಜ್ಞಾನಿಗಳಾದ ಗ್ರೆಸ್‌ಬೆಕ್ ಮತ್ತು ಸಾರಿಸ್ ಆ ಮಾತನ್ನು ಕೈಬಿಟ್ಟು ‘ರೆಫರೆನ್ಸ್’ ಎಂಬುದನ್ನು ಮುಂದಿಟ್ಟರು.

ಈ ಮಿತಿಯನ್ನು ಗೊತ್ತುಮಾಡುವ ಬಗೆ ತಿಳಿದರೆ ಅರ್ಧ ಆತಂಕ ಇಳಿಯುತ್ತದೆ. ಆರೋಗ್ಯವಂತರೆಂದು ಆಯ್ದುಕೊಂಡ ಕನಿಷ್ಠ 120 ಜನರನ್ನು ಪರೀಕ್ಷಿಸಿ, ಬಂದ ಅಂಕಿಗಳನ್ನು ಏರಿಕೆಯ ಕ್ರಮದಲ್ಲಿ ಜೋಡಿಸಿ, ಎರಡೂ ತುದಿಗಳಲ್ಲಿ ಶೇ. 2.5ರಷ್ಟನ್ನು ಬಿಟ್ಟು ನಡುವಿನ ಶೇ. 95ನ್ನು ಉಳಿಸಿಕೊಳ್ಳುವುದು ರೂಢಿ. ಬಿಟ್ಟುಹೋದ ಶೇ. 5 ಜನರೂ ಆರೋಗ್ಯವಂತರೇ ಎಂಬುದನ್ನು ಗಮನಿಸಬೇಕು. ಹಾಗಾಗಿ ಒಂದಕ್ಕೊಂದು ಸಂಬಂಧವಿಲ್ಲದ 20 ಪರೀಕ್ಷೆಗಳನ್ನು ಒಟ್ಟಿಗೆ ಮಾಡಿಸಿಕೊಂಡ ಆರೋಗ್ಯವಂತರೊಬ್ಬರ ವರದಿಯಲ್ಲಿ ಒಂದಾದರೂ ಅಂಕಿ ಮಿತಿ ದಾಟುವ ಸಾಧ್ಯತೆ ಸುಮಾರು ಶೇ. 64. ಇದನ್ನು ರಕ್ತ ಕೊಡುವ ಮೊದಲೇ ರೋಗಿಗೆ ಹೇಳಬೇಕು; ದಪ್ಪಕ್ಷರದ ‘ಎಚ್’ (ಹೈ, ಅಂದರೆ ಮಿತಿಗಿಂತ ಹೆಚ್ಚು) ನೋಡಿ ನಿದ್ದೆಗೆಟ್ಟ ಮೇಲೆ ಹೇಳಿದರೆ ಅದು ಬರಿಯ ಸಮಾಧಾನದ ಮಾತಾಗಿ ಕೇಳಿಸುತ್ತದೆ.

ಅದೇ ಕಾಲಮ್ಮಿನಲ್ಲಿ ಬೇರೆ ಜಾತಿಯ ಅಂಕಿಗಳೂ ಬಂದು ಕೂರುತ್ತವೆ. ಖಾಲಿ ಹೊಟ್ಟೆಯ ಸಕ್ಕರೆ 126 ಮುಟ್ಟಿದರೆ ಮಧುಮೇಹ ಎನ್ನುವುದು ಆರೋಗ್ಯವಂತರ ಅಂಕಿಗಳನ್ನು ಜೋಡಿಸಿ ಪಡೆದದ್ದಲ್ಲ. ಕಣ್ಣಿನ ಅಕ್ಷಿಪಟಲಕ್ಕೆ ಹಾನಿ ಹೆಚ್ಚತೊಡಗುವ ಮಟ್ಟವನ್ನು ನೋಡಿ ತೀರ್ಮಾನಿಸಿದ್ದು. ಎರಡಕ್ಕೂ ಒಂದೇ ಧಾಟಿಯಲ್ಲಿ ‘ಸ್ವಲ್ಪ ಜಾಸ್ತಿ ಇದೆ’ ಎಂದು ಮುಗಿಸುವುದು ಸರಿಯಲ್ಲ.

ಮಿತಿಯೊಳಗಿನ ಅಂಕಿಯೂ ಸುಳ್ಳು ಭರವಸೆ ಕೊಡಬಲ್ಲದು. ಮೂತ್ರಪಿಂಡ ಸೋಸಿ ಹೊರಹಾಕುವ ತ್ಯಾಜ್ಯವಾದ ಕ್ರಿಯಾಟಿನಿನ್ ವರ್ಷಗಳ ಕಾಲ 0.6 ಇದ್ದು ಈಗ 1.1 ಆಗಿದ್ದರೆ ವರದಿಯಲ್ಲಿ ಯಾವ ಗುರುತೂ ಬೀಳದಿರಬಹುದು, ಆದರೆ ಮೂತ್ರಪಿಂಡದ ಸೋಸುವ ಶಕ್ತಿ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿರುವ ಸಂಭವವಿದೆ. ‘ಎಲ್ಲ ನಾರ್ಮಲ್’ ಎನ್ನುವ ಮೊದಲು ಹಳೆಯ ವರದಿಯನ್ನು ತೆಗೆಸಿ ನೋಡುವುದು ಹೇಳುವವರ ಹೊಣೆ ಎಂದೇ ನಾನು ಭಾವಿಸುತ್ತೇನೆ.

ಪೊಟ್ಯಾಸಿಯಂ 5.4 ಬಂದವರಿಗೆ, ‘ಮಿತಿಗಿಂತ ತುಸು ಮೇಲಿದೆ, ರಕ್ತ ತೆಗೆಯುವಾಗ ಕೆಂಪು ಕಣಗಳು ಒಡೆದರೂ ಹೀಗಾಗುತ್ತದೆ, ಇಂಥ ದಿನ ಮತ್ತೊಮ್ಮೆ ನೋಡೋಣ’ ಎಂದು ಕಾರಣವನ್ನೂ ದಿನವನ್ನೂ ಕೂಡಿಸಿ ಹೇಳಿದರೆ ಅವರಿಗೆ ಹಿಡಿದುಕೊಳ್ಳಲು ಏನಾದರೂ ಸಿಗುತ್ತದೆ. 6.8 ಬಂದರೂ ವರದಿಯಲ್ಲಿ ಅದೇ ‘ಎಚ್’ ಅಚ್ಚಾಗಬಹುದು, ಆದರೆ ಆ ಮಟ್ಟದಲ್ಲಿ ಹೃದಯದ ಬಡಿತವೇ ಏರುಪೇರಾಗಬಹುದಾದ್ದರಿಂದ, ಅದನ್ನು ಕಾಗದದಲ್ಲಿ ಕಳಿಸಿ ಕಾಯದೆ ಪ್ರಯೋಗಾಲಯದವರು ಆ ಕ್ಷಣವೇ ವೈದ್ಯರಿಗೆ ಫೋನ್ ಮಾಡಬೇಕು.