‘ಟ್ವೆಲ್ವ್ ಆಂಗ್ರಿ ಮೆನ್’: ಸಾಕ್ಷ್ಯ ಅಳೆಯುವುದಕ್ಕೆ ಒಂದು ಟಿಪ್ಪಣಿ

ಸಿಡ್ನಿ ಲ್ಯೂಮೆಟ್ ನಿರ್ದೇಶಿಸಿದ 1957ರ ಚಿತ್ರ, 96 ನಿಮಿಷ. ಹೆಚ್ಚುಕಡಿಮೆ ಪೂರಾ ನ್ಯೂಯಾರ್ಕಿನ ಒಂದೇ ಜ್ಯೂರಿ ಕೋಣೆಯಲ್ಲಿ ನಡೆಯುತ್ತದೆ. ಜ್ಯೂರಿ ಎಂದರೆ ಆರೋಪಿ ದೋಷಿಯೋ ಅಲ್ಲವೋ ಎಂದು ತೀರ್ಮಾನಿಸುವ ಸಾಮಾನ್ಯ ನಾಗರಿಕರ ಗುಂಪು, ಇಲ್ಲಿ ಹನ್ನೆರಡು ಮಂದಿ. ತಂದೆಯನ್ನು ಇರಿದು ಕೊಂದ ಆರೋಪ ಹುಡುಗನ ಮೇಲೆ. ದೋಷಿ ಎಂದರೆ ಮರಣದಂಡನೆ. ಮೊದಲ ಮತ 11–1: ಹನ್ನೊಂದು ಮಂದಿ ದೋಷಿ ಎಂದರು, ಎಂಟನೇ ಜ್ಯೂರರ್ ಒಬ್ಬನೇ ಅಲ್ಲ ಎಂದ. ಕತೆ ಇಷ್ಟು ಸಾಕು.

‘ಹುಡುಗ ನಿರಪರಾಧಿ ಎಂದು ಎಂಟನೇ ಜ್ಯೂರರ್ ಸಾಬೀತುಪಡಿಸುತ್ತಾನೆ’ ಎಂದು ಉತ್ತರಪತ್ರಿಕೆಯಲ್ಲಿ ಬರೆಯಬೇಡಿ. ಕೊಂದವರು ಯಾರೆಂದು ಚಿತ್ರ ಕೊನೆತನಕ ಹೇಳುವುದೇ ಇಲ್ಲ. ಸಂಶಯದ ಲಾಭ ಆರೋಪಿಗೆ, ಅಷ್ಟೇ.

ಚಿತ್ರದ ಜೀವಾಳ ಇಬ್ಬರು ಸಾಕ್ಷಿಗಳು. ಕೆಳಮಹಡಿಯ ಮುದುಕ ‘ಕೊಲ್ತೀನಿ’ ಎಂಬ ಕೂಗು ಕೇಳಿದನಂತೆ. 15 ಸೆಕೆಂಡಿನಲ್ಲಿ ಬಾಗಿಲಿಗೆ ಬಂದು ಹುಡುಗ ಓಡಿದ್ದನ್ನು ಕಂಡನಂತೆ. ಅವನ ಕಾಲು ಕುಂಟು. ನಕ್ಷೆ ಹಿಡಿದು ನಡೆದು ನೋಡಿದರೆ 41 ಸೆಕೆಂಡು. ಎದುರುಮನೆಯ ಹೆಂಗಸು ಕೊಲೆ ಕಂಡದ್ದು ಹಾದುಹೋಗುತ್ತಿದ್ದ ರೈಲಿನ ಕೊನೆಯ ಎರಡು ಬೋಗಿಗಳ ಕಿಟಕಿಯ ಮೂಲಕ. ಹಾಗಾದರೆ ಆ ಗದ್ದಲದಲ್ಲಿ ಮುದುಕನಿಗೆ ಕೂಗು ಕೇಳಿಸಿದ್ದು ಹೇಗೆ? ಬಿಡಿಬಿಡಿಯಾಗಿ ಎರಡೂ ಹೇಳಿಕೆ ಗಟ್ಟಿ. ಎದುರುಬದುರು ಇಟ್ಟರೆ ತಾಳೆಯಾಗುವುದಿಲ್ಲ.

ಇದನ್ನೇ ನಮ್ಮ ಕಡೆಗೆ ತಂದು ಅಭ್ಯಾಸ ಮಾಡಿ. ತೀರ್ಥಹಳ್ಳಿ ಕಡೆಯ ಒಂಟಿಮನೆ, ಆಷಾಢದ ಮಳೆ, ತಗಡಿನ ಮಾಡು. ತೋಟದಾಚೆಯಿಂದ ಕೂಗು ಕೇಳಿತು ಎನ್ನುತ್ತಾನೆ ಸಾಕ್ಷಿ. ಪಾಟೀಸವಾಲಿಗೆ ನಾಲ್ಕು ಪ್ರಶ್ನೆ ಬರೆಯಿರಿ: ದೂರ ಎಷ್ಟು, ಮಳೆ ಎಷ್ಟು ಜೋರಿತ್ತು, ಕರೆಂಟ್ ಇತ್ತೇ, ಸ್ಥಳ ಮಹಜರಿನ ನಕಾಶೆಯಲ್ಲಿ ಆ ದೂರ ನಮೂದಾಗಿದೆಯೇ. ನಾಲ್ಕನೆಯದನ್ನೇ ಹೆಚ್ಚಿನವರು ಬಿಡುತ್ತಾರೆ.

ನಾಯಕನಾದ ಎಂಟನೇ ಜ್ಯೂರರ್ ಕೂಡ ತಪ್ಪು ಮಾಡುತ್ತಾನೆ. ಕೊಲೆಗೆ ಬಳಸಿದಂಥದ್ದೇ ಚಾಕು ತಾನೇ ಕೊಂಡು ತಂದು ಮೇಜಿಗೆ ಚುಚ್ಚುವುದು ನೋಡಲು ಚೆಂದ, ಕಾನೂನಿನಲ್ಲಿ ಸಲ್ಲದು. ಆ ಚಾಕುವಿನ ಬಗ್ಗೆ ಯಾರೂ ಪಾಟೀಸವಾಲು ಮಾಡಲಾರರು. ನಮ್ಮ ನ್ಯಾಯಾಧೀಶರು ಬಿ.ಎನ್.ಎಸ್.ಎಸ್. (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಈಗಿನ ದಂಡ ಪ್ರಕ್ರಿಯೆಯ ಕಾನೂನು) 347ನೇ ಕಲಮಿನಂತೆ ಎರಡೂ ಪಕ್ಷಕ್ಕೆ ನೋಟಿಸ್ ಕೊಟ್ಟು ಸ್ಥಳ ನೋಡಬಹುದು, ಕಂಡದ್ದನ್ನು ಬರೆದಿಡಬೇಕು. ಅದೂ ಇರುವ ಸಾಕ್ಷ್ಯವನ್ನು ಅರ್ಥಮಾಡಿಕೊಳ್ಳಲಿಕ್ಕೆ, ಹೊಸದನ್ನು ಹುಟ್ಟಿಸಲಿಕ್ಕಲ್ಲ.

ಜ್ಯೂರಿ ನಮ್ಮಲ್ಲೂ ಇತ್ತು. ನೌಕಾಪಡೆಯ ಅಧಿಕಾರಿ ನಾನಾವತಿ ಮೇಲಿನ 1959ರ ಕೊಲೆ ಪ್ರಕರಣದಲ್ಲಿ ಬೊಂಬಾಯಿಯ ಜ್ಯೂರಿ 8–1ರಲ್ಲಿ ‘ದೋಷಿಯಲ್ಲ’ ಎಂದಿತು. ಸೆಷನ್ಸ್ ನ್ಯಾಯಾಧೀಶರು ಒಪ್ಪದೆ ಹೈಕೋರ್ಟಿಗೆ ಕಳಿಸಿದರು. 1973ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಜ್ಯೂರಿಗೆ ಜಾಗವೇ ಇರಲಿಲ್ಲ.

ನೈತಿಕತೆಯ ಪ್ರಶ್ನೆ ಬಂದರೆ ಎಲ್ಲರೂ ಎಂಟನೆಯವನನ್ನೇ ಹೊಗಳುತ್ತಾರೆ. ಏಳನೆಯವನನ್ನು ನೋಡಿ. ಬೇಸ್‌ಬಾಲ್ ಆಟಕ್ಕೆ ಹೊತ್ತಾಯಿತೆಂದು ‘ದೋಷಿಯಲ್ಲ’ ಕಡೆಗೆ ಜಿಗಿಯುತ್ತಾನೆ. ಹನ್ನೊಂದನೆಯವನು ಅದೇ ಪಕ್ಷದವನಾದರೂ ಬಿಡುವುದಿಲ್ಲ, ಕಾರಣ ಹೇಳು ಎಂದು ಹಿಡಿಯುತ್ತಾನೆ. ಜ್ಯೂರಿ ಹೊರಗೆ ಬಂದು ಕಾರಣ ಕೊಡಬೇಕಿಲ್ಲ. ಶಿವಮೊಗ್ಗದ ಸೆಷನ್ಸ್ ನ್ಯಾಯಾಧೀಶರಿಗೆ ಆ ಸಲೀಸಿಲ್ಲ: ಬಿ.ಎನ್.ಎಸ್.ಎಸ್. 393ನೇ ಕಲಮಿನಂತೆ ತೀರ್ಮಾನದ ಜೊತೆ ಕಾರಣಗಳನ್ನೂ ಬರೆಯಲೇಬೇಕು.